ಆ ಕಪ್ಪು ಜಾಗ ತುಂಬಬೇಡಿ

ಮಂಗಳ ಗ್ರಹದ ಕುಳಿಯೊಂದರ "ಡ್ರೋನ್ ನೋಟ" ಅನ್ನೋ ಚಿತ್ರ ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಕೆಳಗೆ ವಿಕ್ಟೋರಿಯಾ ಅಂತ ಬರೆದಿದ್ದರೆ ಸ್ವಲ್ಪ ತಡೆಯಿರಿ. ಅಪಾರ್ಚುನಿಟಿ ರೋವರ್ ಆ ಕುಳಿಯ ಅಂಚಿಗೆ ಬಂದದ್ದು 2006ರ ಸೆಪ್ಟೆಂಬರ್‌ನಲ್ಲಿ. ಅದರ ಜೊತೆ ಹಾರುವಂಥದ್ದು ಏನೂ ಇರಲಿಲ್ಲ. ಕ್ಯಾಮೆರಾ ಇದ್ದದ್ದು ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ಹೆಚ್ಚುಕಮ್ಮಿ ನಿಮ್ಮ ಕಣ್ಣಿನ ಮಟ್ಟದಲ್ಲಿ.

ಪನೋರಮಾ ಬಗ್ಗೆ ನನಗೆ ತಕರಾರಿಲ್ಲ. ನಿಂತಲ್ಲೇ ಕತ್ತು ತಿರುಗಿಸಿ ತೆಗೆದ ಚಿತ್ರಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿಯೋದು, ಅಷ್ಟೆ. (ನಾಸಾ ಮೂಲ ಚಿತ್ರಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ಹವ್ಯಾಸಿಗಳೂ ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡಿದ್ದಾರೆ.) ತೊಂದರೆ ಶುರುವಾಗೋದು ಅದನ್ನೇ ಮೇಲಿಂದ ಕಂಡ ನಕ್ಷೆಯಾಗಿ ಬದಲಿಸುವಾಗ. ಸರಳ ವಿಧಾನದಲ್ಲಿ ಸಾಫ್ಟ್‌ವೇರ್ ನೆಲವೆಲ್ಲ ಸಪಾಟು ಅಂತ ಊಹಿಸಿಕೊಳ್ಳುತ್ತೆ.

ನೀವೇ ಲೆಕ್ಕ ಹಾಕಿ. 10 ಮೀಟರ್ ದೂರದಲ್ಲಿ 30 ಸೆಂಟಿಮೀಟರ್ ಎತ್ತರದ ಕಲ್ಲಿದ್ದರೆ, ನಕ್ಷೆಯಲ್ಲಿ ಅದು ಎರಡೂವರೆ ಮೀಟರ್ ಉದ್ದದ ಬಾಲ ಬೆಳೆಸುತ್ತೆ. ಇನ್ನು ಕುಳಿ? ವಿಕ್ಟೋರಿಯಾದ ಅಗಲ ಸುಮಾರು 750 ಮೀಟರ್, ಆಳ ಸುಮಾರು 70. ನಡುವಿನ ತಳ ಅಂಚಿನಿಂದ 375 ಮೀಟರ್ ಆಚೆ ಇದೆ. ಸಪಾಟು ಲೆಕ್ಕ ಅದನ್ನು ಎಂಟೇ ಮೀಟರ್ ದೂರಕ್ಕೆ ಎಳೆದು ತರುತ್ತೆ! ಹಾಗಾಗಿ ಎತ್ತರ-ತಗ್ಗಿನ ಮಾಹಿತಿ ಬೇಕೇ ಬೇಕು. ಎರಡು ಕಣ್ಣಿನ ಹಾಗೆ ಜೋಡಿ ಕ್ಯಾಮೆರಾ ಇತ್ತು ನಿಜ, ಆದರೆ ನಡುವಿನ ಅಂತರ 30 ಸೆಂಟಿಮೀಟರ್ ಮಾತ್ರ. ಅಷ್ಟು ದೂರದ ತಳಕ್ಕೆ ಎರಡು ಚಿತ್ರಗಳ ನಡುವೆ ಮೂರು ಪಿಕ್ಸೆಲ್ ವ್ಯತ್ಯಾಸ ಬಂದರೆ ಹೆಚ್ಚು.

ಇಷ್ಟೆಲ್ಲ ಸರಿ ಮಾಡಿದರೂ ಬಂಡೆಯ ಹಿಂದೆ, ದಿಬ್ಬದ ಮರೆಯಲ್ಲಿ ಏನಿದೆಯೋ ಕ್ಯಾಮೆರಾ ಕಂಡಿಲ್ಲ. ಒಳ್ಳೆಯ ನಕ್ಷೆಯಲ್ಲಿ ಅದು ಕಪ್ಪಾಗಿ ಉಳಿಯುತ್ತೆ. ಈಗಿನ ಜನ ಅದನ್ನೂ ಎಐಗೆ ಕೊಟ್ಟು ಮರಳು, ಕಲ್ಲು ಬಳಿಸಿ "ಪೂರ್ತಿ" ಮಾಡ್ತಾರೆ. ಕೇಳಿದರೆ, ಚೆನ್ನಾಗಿ ಕಾಣಲಿ ಅಂತ ಮಾಡಿದ್ದು, ಅದರಲ್ಲೇನು ತಪ್ಪು ಅಂತಾರೆ. ಸ್ವಾಮಿ, ರೋವರ್ ತಿಂಗಳುಗಟ್ಟಲೆ ಆ ಅಂಚಿನಲ್ಲಿ ಅಲೆದದ್ದು, 2007ರ ಸೆಪ್ಟೆಂಬರ್‌ನಲ್ಲಿ ಒಳಗೇ ಇಳಿದದ್ದು ಯಾಕೆ? ನಿಂತ ಜಾಗದಿಂದ ಎಲ್ಲ ಕಾಣ್ತಿರಲಿಲ್ಲ, ಅದಕ್ಕೆ. ನೀವು ಬಣ್ಣ ಬಳಿದದ್ದು ಆ ಕಾರಣದ ಮೇಲೇ.

ನಕ್ಷೆ ಮಾಡಿ, ಹಂಚಿ, ಮಕ್ಕಳಿಗೂ ಕಲಿಸಿ. ಆದರೆ ಎತ್ತರದ ಮಾಹಿತಿ ಎಲ್ಲಿಂದ ತಂದಿರಿ ಅಂತ ಕೆಳಗೆ ಒಂದು ಸಾಲು ಬರೆಯಿರಿ, ಕಪ್ಪನ್ನು ಕಪ್ಪಾಗೇ ಬಿಡಿ. ನಿಜವಾಗಿ ಮೇಲಿಂದ ನೋಡಬೇಕಾ? 2006ರ ಅಕ್ಟೋಬರ್‌ನಲ್ಲಿ ಕಕ್ಷೆಯಿಂದ ಹೈರೈಸ್ ಕ್ಯಾಮೆರಾ ತೆಗೆದ ವಿಕ್ಟೋರಿಯಾದ ಚಿತ್ರ ಹುಡುಕಿ. ಅಂಚಿನಲ್ಲಿ ಪುಟ್ಟದೊಂದು ಚುಕ್ಕೆ ಕಾಣುತ್ತೆ. ಅದೇ ರೋವರ್.