ಕೇಳುವವರಿಗೆ ತಿಳಿಯದ ಪಾಠ

ವಿಮಾನ ಮೇಲೇಳುವ ಮುನ್ನ ಗಗನಸಖಿ ಎದುರು ನಿಂತು ಅಪಾಯದ ವೇಳೆಯ ಪಾಠ ಹೇಳುವಾಗ ಪ್ರಯಾಣಿಕರು ಗಮನ ಕೊಡುವುದಿಲ್ಲವೆಂಬ ದೂರು ಹಳೆಯದು. ದೂರು ಸುಳ್ಳಲ್ಲ. ಆದರೆ ಗಮನ ಕೊಡದವರಾರು? ತಿಂಗಳಿಗೆ ನಾಲ್ಕು ಬಾರಿ ಹಾರುವ ಮಹನೀಯರು. ಮೊಬೈಲನ್ನು ಮುಖಕ್ಕೆ ಹಿಡಿದು ಕುಳಿತಿರುವವರು ಅವರೇ. ಮೊದಲ ಸಲ ಹತ್ತಿದ ಹಳ್ಳಿಯ ಅಜ್ಜಿಯನ್ನು ನೋಡಿ. ಆ ಹುಡುಗಿಯ ಕೈಯಿಂದ ಕಣ್ಣು ಕೀಳುವುದಿಲ್ಲ. ತಿಳಿದವನು ಕೇಳನು, ಕೇಳುವವಳಿಗೆ ತಿಳಿಯದು. ಪಾಠ ನಡೆಯುವುದು ರೂಢಿಯಾಗಿ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ.

2019ರ ನವೆಂಬರ್ 22ರಂದು ಕಲಬುರಗಿಯ ವಿಮಾನ ನಿಲ್ದಾಣ ತೆರೆದಾಗ ತೆಂಗಳಿ, ಸೇಡಂ, ಚಿಂಚೋಳಿ ಕಡೆಯವರಿಗೂ ಆಕಾಶ ಹತ್ತಿರವಾಯಿತೆಂದು ಹಿಗ್ಗಿದೆವು. ಹತ್ತಿಸಿಕೊಂಡ ಮೇಲೆ ಅವರೊಡನೆ ಯಾವ ಮಾತಿನಲ್ಲಿ ಮಾತಾಡಬೇಕೆಂದು ಯಾರೂ ಕೇಳಲಿಲ್ಲ. "ನಿಮ್ಮ ಕಡೆ ಉರ್ದು ಬರುತ್ತದಲ್ಲ, ಹಿಂದಿ ತಿಳಿಯದೆ?" ಎನ್ನುವವರುಂಟು. ವಾಡಿ ಸ್ಟೇಷನ್ನಿನಲ್ಲಿ, ಶಹಾಬಾದಿನ ಕಲ್ಲುಗಣಿಯಲ್ಲಿ ಕಿವಿಗೆ ಬೀಳುವ ದಖನಿ ಬೇರೆ; ಗಡಗಡನೆ ಒಪ್ಪಿಸುವ ಸಂಸ್ಕೃತಮಯ ಹಿಂದಿ ಬೇರೆ.

ಕೈಸನ್ನೆ ಸಾಲದೆ ಎಂಬುದು ಇನ್ನೊಂದು ವಾದ. ಸೊಂಟದ ಪಟ್ಟಿ ಬಿಗಿಯುವುದನ್ನು ಸನ್ನೆ ಕಲಿಸೀತು. ಉಳಿದದ್ದು? ಒಳಗಿನ ಗಾಳಿಯ ಒತ್ತಡ ಕುಸಿದರೆ ಪ್ರಾಣವಾಯುವಿನ ಮುಖವಾಡ ಮೇಲಿನಿಂದ ಇಳಿಯುತ್ತದೆ. ಮೊದಲು ನೀನು ಹಾಕಿಕೋ, ಆಮೇಲೆ ಮಗುವಿಗೆ ಹಾಕು ಎಂಬುದು ನಿಯಮ. ಯಾವ ತಾಯಿ ಸುಮ್ಮನೆ ಒಪ್ಪಿಯಾಳು? 35,000 ಅಡಿ ಎತ್ತರದಲ್ಲಿ ಬುದ್ಧಿ ನೆಟ್ಟಗೆ ಕೆಲಸ ಮಾಡುವುದು ಅರ್ಧದಿಂದ ಒಂದು ನಿಮಿಷ ಮಾತ್ರ, ನೀನೇ ಎಚ್ಚರ ತಪ್ಪಿದರೆ ಮಗುವಿಗೆ ಗತಿಯಿಲ್ಲವೆಂದು ಬಿಡಿಸಿ ಹೇಳಿದರೆ ಒಪ್ಪಿಯಾಳು. (ಇಂಗ್ಲಿಷಿನ ಪಾಠದಲ್ಲೂ ಈ ಕಾರಣ ಹೇಳುವುದಿಲ್ಲ, ಆ ಮಾತು ಬೇರೆ.) ತೇಲುವ ಅಂಗಿಯನ್ನು ವಿಮಾನದೊಳಗೆ ಊದಿಸಬೇಡಿ ಎಂಬುದೂ ಹಾಗೆಯೇ. 1996ರ ನವೆಂಬರಿನಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನ ಕೊಮೊರೊಸ್ ದ್ವೀಪದ ಬಳಿ ಕಡಲಿಗೆ ಬಿತ್ತು. 175 ಮಂದಿಯಲ್ಲಿ 125 ಮಂದಿ ಸತ್ತರು. ಒಳಗೇ ಅಂಗಿ ಊದಿಸಿಕೊಂಡ ಹಲವರನ್ನು ನೀರು ಮೇಲೆತ್ತಿ ಹಿಡಿಯಿತು. ಮುಳುಗಿ ಬಾಗಿಲು ದಾಟಲು ಅವರಿಂದಾಗಲಿಲ್ಲ.

ವಿಮಾನ ಬಿದ್ದಮೇಲೆ ಪಾಠವೇನು ಮಾಡೀತು ಎಂದು ವೇದಾಂತ ಹೇಳುವವರು ಬೆಂಗಳೂರಿನ 1990ರ ಫೆಬ್ರವರಿ 14ನ್ನು ಮರೆತಿದ್ದಾರೆ. ಅಂದು ಬಿದ್ದು ಉರಿದ ವಿಮಾನದಲ್ಲಿದ್ದ 146 ಮಂದಿಯಲ್ಲಿ 54 ಮಂದಿ ಬದುಕಿದರು. 2024ರ ಜನವರಿ 2ರಂದು ಟೋಕಿಯೋದ ಹನೇದಾದಲ್ಲಿ ಹೊತ್ತಿಕೊಂಡ ಜಪಾನಿನ ಪ್ರಯಾಣಿಕ ವಿಮಾನದಿಂದ 379 ಮಂದಿಯೂ ಜೀವಸಹಿತ ಹೊರಬಂದರು. ಅಲ್ಲಿ ಧ್ವನಿವರ್ಧಕ ಕೆಟ್ಟಿತ್ತು. ಸಿಬ್ಬಂದಿ ಕೂಗಿ ಹೇಳಿದರು. ಅದು ದೇಶದೊಳಗಿನ ಪ್ರಯಾಣ, ಕೂಗಿದ್ದು ಆ ನಾಡಿನ ನುಡಿ.

ನಮ್ಮ ಸಿಬ್ಬಂದಿಗೆ ಕನ್ನಡ ಬಾರದೆಂದು ಕಂಪೆನಿಗಳು ಹೇಳಬಹುದು. ಬಾರದಿದ್ದರೆ ಧ್ವನಿಮುದ್ರಿಕೆ ಹಾಕಲಿ. ಎರಡು ನಿಮಿಷದ ಕನ್ನಡವನ್ನು ಒಮ್ಮೆ ಓದಿಸಿ ಇಟ್ಟರೆ ವರ್ಷಗಟ್ಟಲೆ ಬರುತ್ತದೆ. ಅಲ್ಲೊಂದು ಇಲ್ಲೊಂದು ವಿಮಾನದಲ್ಲಿ ಕನ್ನಡದ ಸ್ವಾಗತ ಕೇಳಿಬರುವುದುಂಟು; ಉಪಚಾರಕ್ಕೆ ಒದಗುವ ಭಾಷೆ ಬಾಗಿಲು ತೋರಿಸಲು ಒದಗದೆ? ಕರ್ನಾಟಕದಿಂದ ಏಳುವ, ಇಲ್ಲಿ ಇಳಿಯುವ ಪ್ರತಿ ವಿಮಾನದಲ್ಲೂ ಈ ಪಾಠ ಕನ್ನಡದಲ್ಲಿ ಆಗಲೇಬೇಕೆಂದು, ಆಸನದ ಜೇಬಿನಲ್ಲಿಡುವ ಸೂಚನಾ ಪತ್ರದಲ್ಲೂ ಕನ್ನಡವಿರಬೇಕೆಂದು ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಕಟ್ಟಪ್ಪಣೆ ಮಾಡಲಿ.