ಟಿ.ರೆಕ್ಸ್ ಗೊತ್ತು, ರಾಜಾಸಾರಸ್ ಯಾಕೆ ಗೊತ್ತಿಲ್ಲ?

ಚುಂಚನಕಟ್ಟೆ ಜಾತ್ರೆಗೆ ಹೋಗಿದ್ದೆ. ಪಿರಿಯಾಪಟ್ಟಣದಿಂದ ಅಕ್ಕನ ಮಗನೂ ಬಂದು ಕೆ.ಆರ್.ನಗರದಲ್ಲಿ ಜೊತೆಯಾದ. ನನಗೆ ದನಗಳ ಪರಿಷೆ ನೋಡುವ ಆಸೆ, ಅವನು ಆಟಿಕೆ ಅಂಗಡಿ ಮುಂದಿನಿಂದ ಕದಲಲೊಲ್ಲ! ಪ್ಲಾಸ್ಟಿಕ್ ಡೈನೋಸಾರ್‌ಗಳನ್ನು ಒಂದೊಂದಾಗಿ ಎತ್ತಿ ಹೆಸರು ಹೇಳತೊಡಗಿದ. ಟಿ.ರೆಕ್ಸ್, ಟ್ರೈಸೆರಟಾಪ್ಸ್, ಸ್ಟೆಗೊಸಾರಸ್... ಆಮೇಲೆ ಕೇಳಿದ, "ಮಾವ, ಇವೆಲ್ಲಾ ಅಮೆರಿಕಾದವು ಅಲ್ವಾ? ನಮ್ ದೇಶದಲ್ಲಿ ಒಂದೂ ಇರ್ಲಿಲ್ವಾ?"

"ಇರ್ಲಿಲ್ಲ ಕಣೋ" ಅಂದುಬಿಟ್ಟೆ. ಹುಣಸೂರಿನ ಮನೆಗೆ ಬಂದು ಹುಡುಕಿ ಓದಿದ ಮೇಲೆ ನಾಚಿಕೆಯಾಯ್ತು.

ಗುಜರಾತಿನ ರಾಹಿಯೋಲಿಯಲ್ಲಿ ಸಿಕ್ಕ ಮೂಳೆಗಳಿಗೆ 2003ರಲ್ಲೇ ರಾಜಾಸಾರಸ್ ನರ್ಮದೆನ್ಸಿಸ್ ಅಂತ ಹೆಸರಿಟ್ಟಿದ್ದಾರೆ. ತಲೆ ಮೇಲೆ ಗಿಡ್ಡ ಕೊಂಬಿದ್ದ ಮಾಂಸಾಹಾರಿ ಅದು. ಆಗಿನ್ನೂ ಭಾರತ ಏಷ್ಯಾಕ್ಕೆ ಬಂದು ಸೇರಿರಲೇ ಇಲ್ಲ! ಇನ್ನು ಗೋದಾವರಿ ಕಣಿವೆಯ ಬಾರಾಪಾಸಾರಸ್, ಅಂದರೆ ದೊಡ್ಡ ಕಾಲಿನದು. ಅದರ ಅಸ್ಥಿಪಂಜರ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದೆ. ಹಳೆಯ ಆದಿಲಾಬಾದ್ ಜಿಲ್ಲೆಯಲ್ಲಿ ಸಿಕ್ಕ ಕೋಟಾಸಾರಸ್ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ನಿಂತಿದೆ. ಅಲ್ಲಿಗೆ ಪ್ರವಾಸ ಹೋದವರು ಚಾರ್ಮಿನಾರ್ ನೋಡಿ ಬರ್ತಾರೆ, ಇದನ್ನು ನೋಡಿ ಬಂದವರು ಎಷ್ಟು ಜನ?

ನನ್ನ ಅನಿಸಿಕೆ ಇಷ್ಟೇ. ಯಾವ ಡೈನೋಸಾರ್ ಹೆಸರುವಾಸಿಯಾಗಬೇಕು ಅಂತ ತೀರ್ಮಾನ ಮಾಡಿದ್ದು ವಿಜ್ಞಾನ ಅಲ್ಲ, ಸಿನಿಮಾ. 1993ರ ಜುರಾಸಿಕ್ ಪಾರ್ಕ್ ತೋರಿಸಿದ್ದೇ ನಮಗೆ ಗೊತ್ತು. ತಮಾಷೆ ಅಂದ್ರೆ ಟಿ.ರೆಕ್ಸ್ ಜುರಾಸಿಕ್ ಕಾಲದ್ದೇ ಅಲ್ಲ, ಅದಾದ ಮೇಲಿನ ಕ್ರಿಟೇಷಿಯಸ್ ಕಾಲದ್ದು. ಹೆದರಿಸಿದ ವೆಲಾಸಿರಾಪ್ಟರ್ ನಿಜಕ್ಕೂ ಟರ್ಕಿ ಕೋಳಿಯಷ್ಟೇ ಗಾತ್ರದ, ಪುಕ್ಕವಿದ್ದ ಪ್ರಾಣಿ!

ಟಿ.ರೆಕ್ಸ್ ಬೇಡ ಅಂತ ಹೇಳ್ತಿಲ್ಲ. ಮಗು ಆಸೆಯಿಂದ ಹತ್ತು ಹೆಸರು ಕಲಿತಿರುವಾಗ ಹನ್ನೊಂದನೆಯದನ್ನು ಹೇಳಿಕೊಡೋಕೆ ನಮಗೇನು ಕಷ್ಟ? ಹೇಳದೇ ಹೋದರೆ, ಬೆರಗಿನ ಸಂಗತಿಯೆಲ್ಲ ಬೇರೆ ದೇಶದ್ದೇ ಅಂತ ಅದು ನಂಬಿಬಿಡುತ್ತೆ. ನನಗೆ ಬೇಜಾರಾಗಿದ್ದು ಅದಕ್ಕೇ.

ಮರುವಾರ ಅವನಿಗೆ ತಪ್ಪೊಪ್ಪಿಕೊಂಡೆ. "ಹಂಗಾದ್ರೆ ನಮ್ ಹೊಲ ಅಗೆದ್ರೆ ಸಿಗುತ್ತಾ ಮಾವ?" ಅಂದ. ಇಲ್ಲ, ನಮ್ಮ ಕಡೆ ಸಿಗಲ್ಲ. ಅದಕ್ಕೆ ಕಾರಣ ಇನ್ನೂ ಚೆನ್ನಾಗಿದೆ. ಹಿಂದೆ ಎಚ್.ಡಿ.ಕೋಟೆಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಸರಗೂರಿನ ಹೆಸರನ್ನು ಭೂವಿಜ್ಞಾನಿಗಳು ಒಂದು ಶಿಲಾ ಸಮೂಹಕ್ಕೇ ಇಟ್ಟಿದ್ದಾರೆ. ಆ ಕಲ್ಲುಗಳಿಗೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಡೈನೋಸಾರ್ ಹುಟ್ಟಿದ್ದು ಹೆಚ್ಚುಕಮ್ಮಿ 23 ಕೋಟಿ ವರ್ಷದ ಹಿಂದೆ. ಅದು ಹುಟ್ಟುವ ಹೊತ್ತಿಗೇ ನಮ್ಮ ಬಂಡೆ ಮುದುಕಾಗಿತ್ತು!

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿತ್ತಲಿಂದ ಒಂದು ಕಲ್ಲು ಎತ್ತಿಕೊಂಡು ಬಂದ. ಅದೀಗ ಟಿ.ರೆಕ್ಸ್ ಪಕ್ಕದಲ್ಲೇ ಇದೆಯಂತೆ.

ನಿಮ್ಮ ಮನೆ ಮಕ್ಕಳಿಗೆ ರಾಜಾಸಾರಸ್ ಗೊತ್ತಾ? ಕೇಳಿ ನೋಡಿ, ತಿಳಿಸಿ.