ದಿಯೆನ್ ಬಿಯೆನ್ ಫೂ ಗೆದ್ದವರು ಯಾರು?

ವಿಯೆಟ್ನಾಂ ಜನ ಫ್ರೆಂಚರನ್ನು ಓಡಿಸಿದ ಮಾತು ಬಂದರೆ ನಾವೆಲ್ಲ ಎರಡು ಹೆಸರು ಹೇಳುತ್ತೇವೆ. ಹೋ ಚಿ ಮಿನ್, ಜನರಲ್ ಜಿಯಾಪ್. ಇಬ್ಬರೂ ದೊಡ್ಡವರೇ, ತಕರಾರಿಲ್ಲ. ಆದರೆ ಆ ದಂಡಿಗೆ ಅಕ್ಕಿ ಮೂಟೆ ಹೊತ್ತವರು ಯಾರು? ಯಾಕೆ ಹೊತ್ತರು? ಹೊತ್ತವರಿಗೆ ಕೊನೆಗೆ ಸಿಕ್ಕಿದ್ದೇನು? ಇದನ್ನು ಕೇಳದೆ ಓದಿದರೆ ಯುದ್ಧದ ಚರಿತ್ರೆ ಬರೀ ಸೇನಾಪತಿಗಳ ಜಾತಕ ಆಗುತ್ತದೆ.

1945ರ ಸೆಪ್ಟೆಂಬರ್ 2ರಂದು ಹನೋಯಿಯಲ್ಲಿ ಸ್ವಾತಂತ್ರ್ಯ ಸಾರಿದ್ದಾಯಿತು. ಫ್ರೆಂಚರು ಒಪ್ಪಲಿಲ್ಲ, ತಿರುಗಿ ಬಂದರು. 1946ರ ಡಿಸೆಂಬರಿನಿಂದ ದೊಡ್ಡ ಯುದ್ಧವೇ ನಡೆಯಿತು. ಏಳು ವರ್ಷ ಕಳೆದ ಮೇಲೆ, 1953ರ ನವೆಂಬರ್ 20ರಂದು, ಲಾವೋಸ್ ಗಡಿಯ ಹತ್ತಿರದ ದಿಯೆನ್ ಬಿಯೆನ್ ಫೂ ಕಣಿವೆಗೆ ಫ್ರೆಂಚ್ ಸೈನಿಕರು ಪ್ಯಾರಾಚೂಟಿನಲ್ಲಿ ಇಳಿದರು. ಅವರ ಲೆಕ್ಕ ಸರಳ. ನಮಗೆ ವಿಮಾನ ಇದೆ, ಆಕಾಶದಿಂದ ರಸದು ಬರುತ್ತದೆ. ಸುತ್ತ ಬೆಟ್ಟ, ಕಾಡು, ಸರಿಯಾದ ರಸ್ತೆಯಿಲ್ಲ. ಈ ರೈತರ ದಂಡು ಅಷ್ಟು ಎತ್ತರಕ್ಕೆ ಫಿರಂಗಿ ಏರಿಸೋದುಂಟಾ?

ಏರಿಸಿದರು. ಚೀನಾ ಕೊಟ್ಟ ಫಿರಂಗಿಗಳನ್ನು ಹಗ್ಗ ಕಟ್ಟಿ, ರಾತ್ರಿಯ ಕತ್ತಲಲ್ಲಿ, ಗೇಣು ಗೇಣು ಎಳೆದರು. ಜನವರಿ ಕೊನೆಯಲ್ಲಿ ದಾಳಿ ಅಂತ ನಿಗದಿಯಾಗಿತ್ತು. ಅವಸರ ಮಾಡಿದರೆ ಸೋಲುತ್ತೇವೆ ಅಂತ ಜಿಯಾಪ್ ಕಡೇ ಗಳಿಗೆಯಲ್ಲಿ ತಡೆದರು. ಅದು ತನ್ನ ಬದುಕಿನ ಅತಿ ಕಷ್ಟದ ತೀರ್ಮಾನ ಎಂದು ಆಮೇಲೆ ಹೇಳಿಕೊಂಡರು. ಆದರೆ ಆ ತೀರ್ಮಾನದ ಭಾರ ಬಿದ್ದದ್ದು ಹಗ್ಗ ಹಿಡಿದ ಕೈಗಳ ಮೇಲೆ. ಏರಿಸಿದ ಫಿರಂಗಿಯನ್ನು ಇಳಿಸಬೇಕು, ಮತ್ತೆ ಏರಿಸಬೇಕು. ಹೀಗೆ ಇಳಿಸುವಾಗ ಜಾರುತ್ತಿದ್ದ ಫಿರಂಗಿಯ ಚಕ್ರಕ್ಕೆ ತೊ ವಿನ್ ಝಿಯೆನ್ ಎಂಬ ಸೈನಿಕ ತನ್ನ ಮೈಯನ್ನೇ ಅಡ್ಡ ಕೊಟ್ಟು ಸತ್ತ. ಹೆಸರು ಉಳಿದ ಕೆಲವರಲ್ಲಿ ಆತನೊಬ್ಬ.

ಹೆಸರು ಉಳಿಯದವರು ಸುಮಾರು 2,60,000 ಜನ. ಇವರೇ ಹೊರೆಯಾಳುಗಳು. ಹೆಂಗಸರು, ಗಂಡಸರು, ಬಯಲಿನ ರೈತರು, ಬೆಟ್ಟದ ಬುಡಕಟ್ಟಿನವರು. ತಾನ್ ಹೋವಾ ಕಡೆಯಿಂದ ಬಂದವರು 500 ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿದರು. ಹೆಗಲ ಮೇಲೆ ಹೊತ್ತ ಅಕ್ಕಿಯಲ್ಲಿ ದೊಡ್ಡ ಪಾಲು ದಾರಿಯಲ್ಲೇ ಹೊತ್ತವರ ಊಟಕ್ಕೆ ಮುಗಿದುಹೋಗುತ್ತಿತ್ತು. ಅದಕ್ಕೇ ಸೈಕಲ್ ಬಂತು, ಸುಮಾರು 20,000. ಹ್ಯಾಂಡಲಿಗೆ ಬಿದಿರು ಕೋಲು ಕಟ್ಟಿ, ಸೀಟಿನ ಹಿಂದೆ ಇನ್ನೊಂದು ಕೋಲು ನೆಟ್ಟು, 200 ಕಿಲೋ ಹೇರಿ ತಳ್ಳಿಕೊಂಡು ನಡೆದರು. ಫಾ ದಿನ್ ಘಾಟಿಯ ಮೇಲೆ ವಿಮಾನಗಳು ಬಾಂಬು ಸುರಿಯುತ್ತಿದ್ದವು. ಗುಂಡಿ ಬಿದ್ದ ರಸ್ತೆಯನ್ನು ಮುಚ್ಚಿ ಮತ್ತೆ ನಡೆದರು.

1954ರ ಮಾರ್ಚ್ 13ರಂದು ಬೆಟ್ಟದಿಂದ ಫಿರಂಗಿ ಗುಡುಗಿತು. ಅವುಗಳ ಬಾಯಿ ಮುಚ್ಚಿಸುತ್ತೇನೆ ಅಂದಿದ್ದ ಫ್ರೆಂಚ್ ಫಿರಂಗಿ ದಳದ ಮುಖ್ಯಸ್ಥ ಪಿರೋತ್ ಕೆಲವೇ ದಿನದಲ್ಲಿ ಆತ್ಮಹತ್ಯೆ ಮಾಡಿಕೊಂಡ. ಮೇ 7ಕ್ಕೆ ಠಾಣ್ಯ ಬಿತ್ತು.

ಈಗ ಮುಖ್ಯ ಪ್ರಶ್ನೆ. ಯಾಕೆ ಹೊತ್ತರು? ದೇಶಭಕ್ತಿ ಅಂತ ಒಂದೇ ಮಾತಲ್ಲಿ ಮುಗಿಸುವವರನ್ನು ನಾವು ನಂಬುವುದಿಲ್ಲ. ಬೆಳೆದ ಭತ್ತದಲ್ಲಿ ಅರ್ಧ ಗೇಣಿಗೆ ಅಳೆದು ಕೊಡುತ್ತಿದ್ದ ಜನ ಅವರು. 1944–45ರ ಬರಗಾಲದಲ್ಲಿ ಲಕ್ಷಗಟ್ಟಲೆ ಬಂಧುಗಳನ್ನು ಮಣ್ಣು ಮಾಡಿದವರು. ಎಲ್ಲ ವರ್ಗದವರೂ ಒಂದಾಗಿರಬೇಕು, ಭೂಮಾಲೀಕರೂ ನಮ್ಮ ಜೊತೆಗಿರಲಿ ಅಂತ ಹೋರಾಟದ ನಾಯಕರು ಬಹಳ ವರ್ಷ ಗೇಣಿಯನ್ನು ಕಾಲು ಭಾಗ ಇಳಿಸುವ ಮಾತಿಗೇ ನಿಂತಿದ್ದರು. ಹಲವು ಕಡೆ ಅದೂ ಕಾಗದದಲ್ಲೇ ಉಳಿಯಿತು. 1953ರಲ್ಲಿ ದಾರಿ ಬದಲಾಯಿತು. ಹಳ್ಳಿ ಹಳ್ಳಿಯಲ್ಲಿ ಗೇಣಿದಾರರು ಎದ್ದುನಿಂತು ಧಣಿಯ ಮುಖಕ್ಕೇ ಲೆಕ್ಕ ಕೇಳಿದರು. ಡಿಸೆಂಬರಿನಲ್ಲಿ ಭೂಸುಧಾರಣೆ ಕಾನೂನು ಬಂತು. ಹಂಚಿಕೆ ಇನ್ನೂ ಎಲ್ಲ ಕಡೆ ಶುರುವಾಗಿರಲಿಲ್ಲ, ನಿಜ. ಆದರೂ ಯುದ್ಧ ನಡೆಯುತ್ತಿರುವಾಗಲೇ ಭೂಮಿ ಉಳುವವನದು ಅಂತ ಬರೆದುಕೊಟ್ಟಿದ್ದರು. ಗೆಲುವಿಗೆ ಇದೂ ಒಂದು ಕಾರಣ ಎಂದು ಜಿಯಾಪ್ ಅವರೇ ಬರೆದಿದ್ದಾರೆ.

ಕಣಿವೆಯೊಳಗೆ ಯಾರಿದ್ದರು ನೋಡಿ. ಫ್ರೆಂಚ್ ಬಾವುಟದ ಕೆಳಗೆ ಅಲ್ಜೀರಿಯಾದವರು, ಮೊರಾಕ್ಕೋದವರು, ಪಶ್ಚಿಮ ಆಫ್ರಿಕಾದವರು, ತಾಯ್ ಬುಡಕಟ್ಟಿನವರು, ವಿಯೆಟ್ನಾಮಿನವರೇ ಇದ್ದರು. ಒಬ್ಬ ಗುಲಾಮನ ಕೈಗೆ ಕೋವಿ ಕೊಟ್ಟು ಇನ್ನೊಬ್ಬ ಗುಲಾಮನ ಮೇಲೆ ಬಿಟ್ಟಿದ್ದರು. ಗೆದ್ದರೆ ತಮಗೇನು ಬರುತ್ತದೆ ಅಂತ ಕೇಳಿದರೆ ಅವರ ಬಳಿ ಸಂಬಳ ಬಿಟ್ಟು ಉತ್ತರವಿರಲಿಲ್ಲ. ಮುತ್ತಿಗೆ ಬಿಗಿಯಾದಂತೆ ಸಾವಿರಾರು ಜನ ಕಾದಾಟ ಬಿಟ್ಟು ನಾಮ್ ಯುಮ್ ಹೊಳೆಯ ದಂಡೆಯಲ್ಲಿ ಗುಂಡಿ ತೋಡಿ ಕೂತರು. ಅವರಿಗೆ ‘ಇಲಿಗಳು’ ಅಂತ ಹೆಸರಿಟ್ಟರು. ನಾವು ಹಾಗನ್ನಲಾರೆವು. ಅದೇ ವರ್ಷ ನವೆಂಬರ್ 1ರಂದು ಅಲ್ಜೀರಿಯಾ ತನ್ನ ಸ್ವಾತಂತ್ರ್ಯ ಯುದ್ಧ ಶುರು ಮಾಡಿತು. ಯಾರ ಕೋವಿ ಯಾರ ಪರವಾಗಿ ಹಿಡಿಯಬೇಕು ಅನ್ನೋದು ಆಗ ತಿಳಿದಿತ್ತು.

ಗೆದ್ದವರ ತಪ್ಪನ್ನೂ ಹೇಳಬೇಕು. ಭೂಸುಧಾರಣೆಯ ಹೆಸರಲ್ಲಿ ಸುಳ್ಳು ಆಪಾದನೆ ಹೊರಿಸಿ ಸಾವಿರಾರು ಜನರನ್ನು ಕೊಂದರು. ಹೋರಾಟಕ್ಕೆ ಅನ್ನ ಹಾಕಿದವರೂ ಅದರಲ್ಲಿ ಸತ್ತರು. 1956ರಲ್ಲಿ ಸರ್ಕಾರ ತಪ್ಪು ಒಪ್ಪಿಕೊಂಡಿತು. ಪಕ್ಷದ ಪ್ರಧಾನ ಕಾರ್ಯದರ್ಶಿ ತ್ರುವಾಂಗ್ ಚಿನ್ ಹುದ್ದೆ ಬಿಟ್ಟರು. ಹಂಚಿದ ತುಂಡು ನೆಲ ಕೆಲವೇ ವರ್ಷದಲ್ಲಿ ಸಹಕಾರಿ ಸಂಘಗಳಿಗೆ ಸೇರಿಹೋಯಿತು. ದೇಶ ಎರಡು ಹೋಳಾಗಿ 1975ರ ತನಕ ರಕ್ತ ಹರಿಯಿತು. ಸೈಕಲ್ ತಳ್ಳಿದ ಹೆಣ್ಣುಮಗಳ ಕೈಯಲ್ಲಿ ಕಡೆಗೆ ಎಷ್ಟು ನೆಲ ಉಳಿಯಿತು? ಈ ಪ್ರಶ್ನೆಯನ್ನು ಯಾವ ಕ್ರಾಂತಿಯೂ ತಪ್ಪಿಸಿಕೊಳ್ಳಬಾರದು.

ಮೊದಲು ಸ್ವಾತಂತ್ರ್ಯ ಬರಲಿ, ನಿಮ್ಮ ನೆಲ, ನಿಮ್ಮ ಕೂಲಿ ಆಮೇಲೆ ನೋಡೋಣ ಅನ್ನುವವರು ಎಲ್ಲ ದೇಶದಲ್ಲೂ ಇದ್ದರು, ಎಲ್ಲ ಕಾಲದಲ್ಲೂ ಇರುತ್ತಾರೆ. ಆ ‘ಆಮೇಲೆ’ ಬರುವುದೇ ಇಲ್ಲ. ಹೆಗಲು ಕೇಳುವವನು ಹೆಗಲು ಕೊಡುವವನ ಪಾಲು ಏನೆಂದು ಮೊದಲೇ ಹೇಳಬೇಕು. ಹೇಳಿದ ಮೇಲೆ ಕೊಡಬೇಕು. ಕೊಟ್ಟಿದ್ದನ್ನು ಕಿತ್ತುಕೊಳ್ಳಬಾರದು.

ಗೆಳೆಯರೇ, ಪರೀಕ್ಷೆಯಲ್ಲಿ ಯುದ್ಧದ ತಾರೀಖು, ಸೇನಾಪತಿಯ ಹೆಸರು ಕೇಳುತ್ತಾರೆ. ಬರೆಯಿರಿ, ಮಾರ್ಕು ತೆಗೆಯಿರಿ. ಅಷ್ಟಕ್ಕೇ ಪುಸ್ತಕ ಮುಚ್ಚಬೇಡಿ. ಅಕ್ಕಿ ಹೊತ್ತವರು ಯಾರು ಅಂತ ನಿಮ್ಮ ಮೇಷ್ಟ್ರನ್ನೇ ಎದ್ದು ನಿಂತು ಕೇಳಿ.